ನಿಂತ ದೋಣಿಯ ತೂಕ

ಕುರುಗೋಡಿನಿಂದ ಲಾರಿಯಲ್ಲಿ ಬಂದ ದೋಣಿಯನ್ನು ಬಳ್ಳಾರಿ ಗಾಂಧಿನಗರದ ಹಿಂದಿನ ನಮ್ಮ ವೆಲ್ಡಿಂಗ್ ಶೆಡ್ಡಿನ ಮುಂದೆ ಇಳಿಸಿದಾಗ, ಅದರ ತುದಿಯ ಸೀಟಿನ ಕೆಳಗೆ ಅಣ್ಣನ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು. ಲಾರಿ ಡ್ರೈವರ್ ಅದನ್ನು ಎಳೆದು ತೆಗೆದು ಗೋಡೆಯ ಪಕ್ಕಕ್ಕೆ ಇಟ್ಟ. ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಎಕ್ಸಿಬಿಷನ್ನುಗಳಲ್ಲಿ ಎಲ್ಲರೂ ನೋಡಿರುವ ಕೊಲಂಬಸ್ ದೋಣಿ ಅದು. ಎರಡು ಬದಿಗೆ ಕಾಲು ಅಗಲಿಸಿ ನಿಂತ ಕಬ್ಬಿಣದ ಚೌಕಟ್ಟು. ಆ ಚೌಕಟ್ಟುಗಳ ನೆತ್ತಿಯ ಮೇಲೆ ಅಡ್ಡಕ್ಕೆ ಮಲಗಿಸಿದ ಒಂದು ದಪ್ಪ ಅಚ್ಚು. ಒಂದೊಂದು ಪಿನ್ನಿನಿಂದ ಅಚ್ಚಿಗೆ ಸಿಕ್ಕಿಸಿ ಇಳಿಬಿಟ್ಟ ನಾಲ್ಕು ತೋಳು, ತೋಳುಗಳ ತುದಿಯಲ್ಲಿ ದೋಣಿ. ದೋಣಿಯ ಹೊಟ್ಟೆಯ ಕೆಳಗೆ ನೆಲದಲ್ಲಿ ಮೋಟಾರಿನಿಂದ ತಿರುಗುವ ಒಂದು ಲಾರಿ ಟೈರು ಇರುತ್ತದೆ. ಲಿವರ್ ಒತ್ತಿದರೆ ಟೈರು ಮೇಲೆದ್ದು ದೋಣಿಯ ಹೊಟ್ಟೆಯನ್ನು ಉಜ್ಜಿ ತಳ್ಳುತ್ತದೆ. ಹೋಗುವಾಗೊಮ್ಮೆ, ಬರುವಾಗೊಮ್ಮೆ ತಳ್ಳಿಸಿಕೊಂಡು ದೋಣಿ ಎತ್ತರ ಏರುತ್ತದೆ. ಅಣ್ಣ ಆ ದೋಣಿಯ ಮೇಸ್ತ್ರಿಯಾಗಿದ್ದ. ಅತ್ತಿಗೆ ಅದರ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದರು. ನಾನು ಬಳ್ಳಾರಿಯಲ್ಲಿ ಫಿಟ್ಟರ್ ಕೆಲಸದವನು.

ಎಕ್ಸಿಬಿಷನ್ನಿನವರಲ್ಲಿ ಒಂದು ರೂಢಿ ಇದೆ. ಹೊಸ ಊರಿನಲ್ಲಿ ದೋಣಿ ನಿಲ್ಲಿಸಿದ ಮೇಲೆ, ಮೊದಲ ಟಿಕೆಟ್ ಹರಿಯುವ ಮುಂಚೆ, ಮೇಸ್ತ್ರಿ ತನ್ನ ಹೆಂಡತಿ ಮಕ್ಕಳ ಜೊತೆ ತುದಿಯ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಬೇಕು. ಮೊದಲ ಸುತ್ತು ಮನೆಯವರದು ಎನ್ನುತ್ತಾರೆ. ಬೇಲಿಯ ಆಚೆ ನಿಂತ ಜನ ಅದನ್ನು ನೋಡಿ ಧೈರ್ಯ ತಂದುಕೊಳ್ಳುತ್ತಾರೆ. ಅಣ್ಣನಿಗೆ ಮಕ್ಕಳಿರಲಿಲ್ಲ. ಪ್ರತಿ ಊರಿನಲ್ಲೂ ಅವನು ಅತ್ತಿಗೆಯ ಜೊತೆ ಕೂರುತ್ತಿದ್ದ. ಕುರುಗೋಡಿನಲ್ಲಿ ದೋಣಿ ನಿಲ್ಲಿಸುವ ಹೊತ್ತಿಗೆ ಅತ್ತಿಗೆ ಭತ್ತದ ನಾಟಿಗೆಂದು ತವರುಮನೆ ದೇಶನೂರಿಗೆ ಹೋಗಿದ್ದರು. ಅವನೊಬ್ಬನೇ ಕೂತ. ಇನ್ನೊಬ್ಬ ಆಪರೇಟರ್ ಲಿವರ್ ಹಿಡಿದ. ದೋಣಿ ಪೂರ್ತಿ ಎತ್ತರಕ್ಕೆ ಹೋಗಿ ಇಳಿದು ಬರುವಾಗ ಒಂದು ತೋಳಿನ ಪಿನ್ನು ತುಂಡಾಯಿತು. ದೋಣಿಯ ಒಂದು ಮೂಲೆ ಜೋತುಬಿತ್ತು. ಅಣ್ಣ ಚೌಕಟ್ಟಿನ ಕಾಲಿಗೆ ಬಡಿದ. ಆಸ್ಪತ್ರೆಗೆ ಒಯ್ಯುವಾಗಲೇ ಹೋಗಿಬಿಟ್ಟಿದ್ದ.

ದಿನಕರ್ಮ ಮುಗಿದ ಮೇಲೆ ಎಕ್ಸಿಬಿಷನ್ನಿನ ಸಾವ್ಕಾರರು ಮನೆಗೆ ಬಂದರು. ಗಡಿಯಾಚೆಯ ತೆಲುಗು ಸೀಮೆಯವರು. ಅತ್ತಿಗೆ ಒಳಗಿನ ಕೋಣೆಯಲ್ಲಿದ್ದರು. ಸಾವ್ಕಾರರು ಹೊರಗಿನ ಕಟ್ಟೆಯ ಮೇಲೆ ಕೂತರು.

"ನೋಡು ನಾಯನಾ, ಆಗಬಾರದ್ದು ಆಗಿಹೋತು" ಎಂದರು. "ಪೊಲೀಸರ ಕಡಿಂದ ದೋಣಿ ಬಿಡಿಸ್ಕೊಂಡು ಬಂದೀನಿ. ಸಿರುಗುಪ್ಪದಾಗ ಜಾಗ ಹಿಡದೈತಿ, ಅನುಮತಿನೂ ಬಂದೈತಿ. ಈ ಎಕ್ಸಿಬಿಷನ್ ಮ್ಯಾಲ ಎಷ್ಟು ಮನಿ ಉಣ್ತಾವು ನಿನಗ ಗೊತ್ತೈತಿ. ನಿಮ್ಮ ಅತ್ತಿಗೀನೂ ಅದರಾಗ ಅದಾಳ. ನೀ ರಿಪೇರಿ ಮಾಡಿ ನಿಲ್ಲಿಸಿಕೊಡು. ಇನ್ ಮ್ಯಾಲ ಮೇಸ್ತ್ರಿ ನೀನ."

ನಾನು ಒಪ್ಪಿಕೊಂಡೆ. ನೆರೆಮನೆಯವರು, ಅಣ್ಣನನ್ನು ಕೊಂದ ಕಬ್ಬಿಣ ಮುಟ್ಟಲು ಇವನಿಗೆ ಮನಸ್ಸಾದರೂ ಹೇಗೆ ಬಂತು ಎಂದು ಮಾತಾಡಿಕೊಂಡರಂತೆ. ಅದು ಯಾಕೆ ಮುರಿಯಿತು ಎಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ಇನ್ನೊಂದು ವಿಷಯವೂ ಇತ್ತು. ನಾನು ಬೇಡವೆಂದರೆ ಬೇರೆ ಯಾರೋ ಒಂದು ಪಿನ್ನು ಹೊಡೆದು ನಿಲ್ಲಿಸುತ್ತಿದ್ದರು. ಸಿರುಗುಪ್ಪದ ಮಕ್ಕಳು ಅದರಲ್ಲಿ ಕೂರುತ್ತಿದ್ದರು. ಅವರಿಗಿಂತ ಮುಂಚೆ ಅತ್ತಿಗೆ ಕೂರುತ್ತಿದ್ದರು.

ಮೊದಲು ಮುರಿದ ಪಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಒಂದೇ ಏಟಿಗೆ ಮುರಿದ ಉಕ್ಕು ಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗುತ್ತದೆ. ಈ ಪಿನ್ನಿನ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿತ್ತು. ಅದರ ಮೇಲೆ ಕೆರೆಯ ನೀರು ಇಳಿಯುತ್ತಾ ದಂಡೆಯಲ್ಲಿ ಬಿಡುವಂಥ ಗೆರೆಗಳು, ಒಂದರ ಒಳಗೆ ಒಂದು. ಅಂಚಿನಲ್ಲಿ ಮಾತ್ರ ಒಂದು ತುಂಡು ಹೊಸದಾಗಿ ಮಿನುಗುತ್ತಿತ್ತು. ಎಂದರೆ ಬಿರುಕು ಆ ದಿನದ್ದಲ್ಲ. ಊರಿಂದ ಊರಿಗೆ, ತೂಗಿದಷ್ಟೂ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ, ಉಳಿದ ಅಂಚಿನ ಮೇಲೆ ಇಡೀ ದೋಣಿ ನೇತಾಡುತ್ತಿತ್ತು. ಕುರುಗೋಡಿಗೆ ಬರುವ ಮುಂಚಿನ ಊರಿನಲ್ಲಿ ತುಂಬಿದ ದೋಣಿಯನ್ನು ಅದು ಹೊತ್ತಿದೆ. ಆ ಊರಿನ ಮಕ್ಕಳು ಮನೆಗೆ ಹೋಗಿ ಮಲಗಿದ್ದಾರೆ. ಅದನ್ನು ಯೋಚಿಸಿ ಅಂದು ಕೆಲಸ ನಿಲ್ಲಿಸಿದೆ.

ಉಳಿದ ಪಿನ್ನುಗಳನ್ನೂ ಕಳಚಿ ನೋಡಿದೆ. ಬಿರುಕು ನೋಡಲು ನಮ್ಮಲ್ಲಿ ಒಂದು ಸರಳ ವಿಧಾನ ಇದೆ. ಕಬ್ಬಿಣಕ್ಕೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸುಣ್ಣದ ಪುಡಿ ಬಳಿಯಬೇಕು. ಬಿರುಕು ಇದ್ದರೆ ಒಳಗೆ ಕುಡಿದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಗೆರೆ ಮೂಡಿಸುತ್ತದೆ. ಇನ್ನೆರಡು ಪಿನ್ನುಗಳ ಮೇಲೂ ಗೆರೆ ಮೂಡಿತು.

ಉಕ್ಕು ಕೆಟ್ಟದ್ದಿರಬೇಕು ಎಂದುಕೊಂಡೆ. ಅದಕ್ಕಿಂತ ಒಳ್ಳೆಯ ಉಕ್ಕು ತರಿಸಿ ಲೇತಿನ ಮೇಲೆ ನಾಲ್ಕೂ ಪಿನ್ನು ಹೊಸದಾಗಿ ಕಡೆದೆ. ಪಿನ್ನು ದಪ್ಪದಿಂದ ಸಣ್ಣದಾಗುವ ಹೆಗಲಿನ ಮೂಲೆಗಳನ್ನು ಗುಂಡಗೆ ಮಾಡಿದೆ, ಚೂಪು ಮೂಲೆಯಲ್ಲೇ ಬಿರುಕು ಹುಟ್ಟುತ್ತದೆಂದು. ಕೆಲಸ ಮುಗಿಯಿತು. ಆದರೂ ಮನಸ್ಸು ಒಪ್ಪಲಿಲ್ಲ. ಯಾಕೆಂದರೆ ಅಣ್ಣ ಪರೀಕ್ಷೆ ಮಾಡದೆ ಓಡಿಸುವವನಲ್ಲ. ವರ್ಷಕ್ಕೊಮ್ಮೆ ದೋಣಿಯಲ್ಲಿ ಮೂಟೆ ಹೇರಿ, ಕೂರುವ ಜನರ ಎರಡು ಪಟ್ಟು ಭಾರ ಮಾಡಿ, ಒಂದು ಹಗಲು ಪೂರ್ತಿ ನೇತುಹಾಕಿ ಬಿಡುತ್ತಿದ್ದ. ಅವನ ಉಸ್ತಾದ್ ಹೇಳಿಕೊಟ್ಟದ್ದು. ಎರಡು ಪಟ್ಟು ಹೊತ್ತದ್ದು ಅವನೊಬ್ಬನಿಗೆ ಯಾಕೆ ಮುರಿಯಿತು?

ಕಂಟೋನ್ಮೆಂಟಿನಲ್ಲಿ ಒಬ್ಬ ಭೌತಶಾಸ್ತ್ರದ ಉಪನ್ಯಾಸಕಿ ಇದ್ದಾರೆ. ಅವರ ಮನೆಯ ಗೇಟು, ಕಿಟಕಿ ಗ್ರಿಲ್ಲು ನಾನೇ ಮಾಡಿಕೊಟ್ಟದ್ದು. ಮುರಿದ ಪಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಅಣ್ಣನ ಸುದ್ದಿ ಅವರಿಗೆ ಗೊತ್ತಿತ್ತು. ನೀರು ಕೊಟ್ಟರು. ಪಿನ್ನನ್ನು ತಿರುಗಿಸಿ ನೋಡಿ, "ದೋಣಿ ಎಷ್ಟು ಎತ್ತರ ಹೋಗ್ತಿತ್ತು?" ಎಂದು ಕೇಳಿದರು.

"ಮೊದಲೆಲ್ಲ ಅಷ್ಟು ಹೋಗ್ತಿರಲಿಲ್ರಿ ಮೇಡಂ. ಹೋದ ವರ್ಷ ಸಾವ್ಕಾರ್ರು ದೊಡ್ಡ ಮೋಟಾರು ಹಾಕ್ಸಿದ್ರು. ಈಗ ತೋಳು ನೆಲಕ್ಕ ಸಮ ಆಗೋತನ ಹೋಗ್ತೈತಿ. ಜನ ಮೊಬೈಲ್ ಹಿಡಕೊಂಡು ಇನ್ನೂ ಮ್ಯಾಲ ಅಂತ ಒದರ್ತಾರ್ರಿ."

"ಪರೀಕ್ಷೆ ಹೆಂಗ ಮಾಡ್ತಿದ್ರು?"

ಮೂಟೆಯ ವಿಷಯ ಹೇಳಿದೆ.

"ನಿಲ್ಲಿಸಿಯೋ, ತೂಗಿಸಿಯೋ?"

"ನಿಲ್ಲಿಸ್ರಿ. ತೂಗಿದ್ರ ಮೂಟಿ ಉರುಳ್ತಾವಲ್ರಿ."

ಅವರು ಪಿನ್ನನ್ನು ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟರು. "ಭಾನುವಾರ ಬಾ. ಹೇಳಿದ್ರ ನೀ ನಂಬಲ್ಲ, ತೋರಿಸ್ತೀನಿ" ಎಂದರು.

ಭಾನುವಾರ ಅವರ ಅಂಗಳದ ಬೇವಿನ ಮರದ ಕೊಂಬೆಗೆ ಒಂದು ಸ್ಪ್ರಿಂಗ್ ತಕ್ಕಡಿ ಕಟ್ಟಿದೆವು, ಗುಜರಿಯವರು ಹಿಡಿದುಕೊಂಡು ಬರುವಂಥದ್ದು. ಅದರ ಕೊಕ್ಕೆಗೆ ಹಗ್ಗ, ಹಗ್ಗಕ್ಕೆ ಎರಡು ಕಿಲೋ ತೂಕದ ಕಬ್ಬಿಣದ ಗಟ್ಟಿ. ಸುಮ್ಮನೆ ನೇತಾಡುವಾಗ ಮುಳ್ಳು ಎರಡರ ಮೇಲಿತ್ತು. ಉಪನ್ಯಾಸಕಿ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ಹಚ್ಚಿ ಮುಳ್ಳಿನ ಕಡೆ ಹಿಡಿದರು. ನಾನು ಗಟ್ಟಿಯನ್ನು ಹಗ್ಗದ ಉದ್ದದ ಅರ್ಧದಷ್ಟು ಮೇಲೆತ್ತಿ, ಹಗ್ಗ ಬಿಗಿಯಾಗಿರುವಂತೆ ನೋಡಿಕೊಂಡು ಕೈಬಿಟ್ಟೆ. ಗಟ್ಟಿ ಕೆಳಗಿನ ತುದಿಗೆ ಬಂದ ಕ್ಷಣದಲ್ಲಿ ಮುಳ್ಳು ನಾಲ್ಕಕ್ಕೆ ಹೋಗಿ ಬಂತು. ಆಮೇಲೆ ಹಗ್ಗ ನೆಲಕ್ಕೆ ಸಮನಾಗುವಷ್ಟು ಎತ್ತಿ ಬಿಟ್ಟೆ. ವಿಡಿಯೋದಲ್ಲಿ ಮುಳ್ಳು ನಿಧಾನವಾಗಿ ಇಳಿದು ಆರರ ಹತ್ತಿರ ಹೋಗಿ ಹಿಂತಿರುಗಿತು.

"ಕಬ್ಬಿಣ ಅದೇ, ಎರಡೇ ಕಿಲೋ" ಎಂದರು ಅವರು. "ಕೆಳಗ ಬರೋ ಹೊತ್ತಿಗೆ ಅದಕ್ಕ ವೇಗ ಬಂದಿರ್ತದ. ನೆಟ್ಟಗ ಹೋಗಬೇಕಂತದ ಅದು. ಹಗ್ಗ ಅದನ್ನ ಎಳೆದು ತಿರುಗಿಸಬೇಕು. ಭಾರ ಹೊರೋದು ಒಂದು ಕೆಲಸ, ತಿರುಗಿಸೋದು ಇನ್ನೊಂದು. ಎರಡೂ ಸೇರಿ ಹಗ್ಗದ ಮ್ಯಾಲ ಬೀಳ್ತದ. ಪೂರ್ತಿ ಎತ್ತಿ ಬಿಟ್ರ ಮೂರು ಪಟ್ಟು."

ಅಣ್ಣ ಒಂದು ಮಾತು ಹೇಳುತ್ತಿದ್ದ. ದೋಣಿ ಹತ್ತಲು ಹೆದರುವ ಹೆಂಗಸರಿಗೆ, "ಏನಿಲ್ಲ ಬರ್ರವ್ವ, ಮ್ಯಾಲ ಹೋದಾಗ ಹೊಟ್ಟಿ ಹಗುರ, ಕೆಳಗ ಬಂದಾಗ ಕುಂಡಿ ಭಾರ, ಅಷ್ಟ" ಎಂದು ನಗಿಸಿ ಕೂರಿಸುತ್ತಿದ್ದ. ಆ ಭಾರ ಅವನ ಮೈಗೆ ಪ್ರತಿ ಊರಿನಲ್ಲೂ ಗೊತ್ತಾಗುತ್ತಿತ್ತು. ಅದೇ ಭಾರ ಪಿನ್ನಿಗೂ ಗೊತ್ತಾಗುತ್ತದೆಂದು ಅವನೂ ನೆನೆಯಲಿಲ್ಲ, ನಾನೂ ನೆನೆದಿರಲಿಲ್ಲ.

ನನಗೊಂದು ಉಪಾಯ ಹೊಳೆಯಿತು. ತೋಳು ಗಿಡ್ಡ ಮಾಡಿದರೆ ದೋಣಿ ಅಷ್ಟು ಎತ್ತರದಿಂದ ಬೀಳುವುದಿಲ್ಲ, ಬಲವೂ ಕಡಿಮೆಯಾದೀತು. ಹೇಳಿದೆ. ಅವರು ಬೇಡವೆನ್ನಲಿಲ್ಲ, "ಮಾಡಿ ನೋಡು" ಎಂದರು. ಹಗ್ಗವನ್ನು ಅರ್ಧಕ್ಕೆ ಕಟ್ಟಿ, ಮತ್ತೆ ನೆಲಕ್ಕೆ ಸಮನಾಗುವಷ್ಟು ಎತ್ತಿ ಬಿಟ್ಟೆ. ಮುಳ್ಳು ಮತ್ತೆ ಆರರ ಹತ್ತಿರಕ್ಕೇ ಹೋಯಿತು. ಇನ್ನೂ ಗಿಡ್ಡ ಮಾಡಿದೆ. ಅಷ್ಟೇ. ಗಿಡ್ಡ ಹಗ್ಗದಲ್ಲಿ ವೇಗ ಕಡಿಮೆ, ಆದರೆ ತಿರುವು ಬಿಗಿ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಹೋಗುತ್ತದೆ. ಎಷ್ಟು ಓರೆಯಿಂದ ಬಿಟ್ಟೆವು ಎಂಬುದೊಂದೇ ಲೆಕ್ಕಕ್ಕೆ ಬರುವುದು.

ಹೊರಡುವಾಗ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಎರಡು ಪಟ್ಟು ಅಂದ್ಯಲ್ಲ, ಯಾವುದರ ಎರಡು ಪಟ್ಟು?"

"ಜನರದ್ದು ರೀ. ಟಿಕೆಟ್ ತೊಗೊಂಡವರದ್ದು."

"ದೋಣಿದು?"

ಗೇಟಿನ ಹತ್ತಿರ ನಿಂತುಬಿಟ್ಟೆ. ದೋಣಿಯೂ ತೂಗುತ್ತದೆ. ತುಂಬಿದ ಜನರಷ್ಟೇ ಭಾರ ದೋಣಿಗೂ ಇದೆ. ಅಣ್ಣ, ಅವನ ಉಸ್ತಾದ್, ಆ ಉಸ್ತಾದ್‌ಗೆ ಹೇಳಿಕೊಟ್ಟವನು, ಇವರೆಲ್ಲ ಹತ್ತಿ ಕೂತವರ ಭಾರವನ್ನಷ್ಟೇ ಲೆಕ್ಕ ಹಾಕಿದ್ದರು. ಹಗ್ಗ ಹಿಡಿದು ಕೈಯಲ್ಲಿ ಎಳೆದು ತೂಗಿಸುತ್ತಿದ್ದ ಹಳೆಯ ಮರದ ದೋಣಿಗೆ ಅದು ಸಾಕಾಗುತ್ತಿತ್ತು. ದೋಣಿ ಕಬ್ಬಿಣದ್ದಾಯಿತು, ಮೋಟಾರು ಬಂತು, ಆಮೇಲೆ ದೊಡ್ಡ ಮೋಟಾರು ಬಂತು. ಮೂಟೆ ಮಾತ್ರ ಹಿಂದಿನಷ್ಟೇ ಉಳಿಯಿತು. ಕುರುಗೋಡಿನಲ್ಲಿ ಅಣ್ಣ ಒಬ್ಬನೇ ಇದ್ದ ಎಂದು ನಾವೆಲ್ಲ ಹೇಳುತ್ತಿದ್ದೆವು. ಅವನ ಜೊತೆ ಇಡೀ ದೋಣಿಯ ಕಬ್ಬಿಣ ಮೂರು ಪಟ್ಟಾಗಿ ಕೂತಿತ್ತು.

ಸಾವ್ಕಾರರಿಗೆ ಫೋನು ಮಾಡಿ, ಹಳೆಯ ಮೋಟಾರೇ ಹಾಕೋಣ ಎಂದೆ.

"ಹಳೇದು ಮಾರಿಬಿಟ್ಟೀನಪ್ಪ. ಮತ್ತ ಅರ್ಧಕ್ಕ ಹೋಗಿ ಬರೋ ದೋಣಿಗೆ ಯಾರ್ ಹತ್ತತಾರ? ಅಂಗನವಾಡಿ ಮಕ್ಕಳಾ?"

"ಹಂಗಂದ್ರ ಮೂರು ಪಟ್ಟು ಭಾರ ಹೇರಿ ನೋಡ್ತೀನ್ರಿ. ದೋಣಿದೂ ಸೇರಿಸಿ. ತಡಕೊಂಡ್ರ ಓಡಸೂಣು."

"ಏಮಯ್ಯಾ, ಎಷ್ಟು ದಿನ?"

"ಸಿರುಗುಪ್ಪದಾಗ ನಿಲ್ಲಿಸಿದ ಮ್ಯಾಲ ಒಂದು ಹಗಲು, ಒಂದು ರಾತ್ರಿ."

"ಆತು. ಆದ್ರ ನೆಪ ಹೇಳಬ್ಯಾಡ."

ಸಿರುಗುಪ್ಪದಲ್ಲಿ ನಮಗೆ ಸಿಕ್ಕ ಜಾಗ ಒಂದು ರೈಸ್ ಮಿಲ್ಲಿನ ಪಕ್ಕದ ಬಯಲು. ಎರೆ ಮಣ್ಣು. ಚೌಕಟ್ಟಿನ ಕಾಲುಗಳ ಕೆಳಗೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ, ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿ ನಿಲ್ಲಿಸಿದೆವು. ಮೇಲ್ಗಡೆ ಗಟ್ಟಿಯಾಗಿ ಕಂಡ ಮಣ್ಣಿನ ಒಳಗೆ ಕಾಲುವೆಯ ತೇವ ಇತ್ತು. ಬೆಳಗಾಗುವ ಹೊತ್ತಿಗೆ ಒಂದು ಕಾಲು ಇಳಿದು ಅಚ್ಚು ಓರೆಯಾಗಿತ್ತು. ಮತ್ತೆ ಎಲ್ಲ ಬಿಚ್ಚಿ, ಮಣ್ಣು ಅಗೆದು, ಗರಸು ತುಂಬಿ ಕುಟ್ಟಿ, ದಿಮ್ಮಿಗಳನ್ನು ಎರಡು ಪಟ್ಟು ಅಗಲಕ್ಕೆ ಹಾಸಿ ನಿಲ್ಲಿಸಬೇಕಾಯಿತು. ಸಾವ್ಕಾರರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. ಆ ಕಡೆ ಜೈಂಟ್ ವ್ಹೀಲ್ ನಿಂತಾಗಿತ್ತು. ಬಜ್ಜಿಯಂಗಡಿಯವನು ಒಲೆ ಹೂಡಿದ್ದ.

ದೇಶನೂರಿನಿಂದ ಅತ್ತಿಗೆ ಬಂದರು. ತವರಿನ ತಮ್ಮನ ಬೈಕಿನಿಂದ ಇಳಿದು, ದೋಣಿಯ ಕಡೆ ನೋಡದೆ ಟಿಕೆಟ್ ಕಿಟಕಿಯ ತಗಡಿನ ಗೂಡಿಗೆ ಹೋಗಿ ಕಸ ಹೊಡೆದರು. ಊಟದ ಹೊತ್ತಿಗೆ ನನಗೆ ಬುತ್ತಿ ಬಿಚ್ಚಿ ಕೊಟ್ಟರು.

"ತಮ್ಮಾ, ಮೊದಲ ಸುತ್ತು ಯಾವತ್ತು?"

"ಇನ್ನೂ ಪರೀಕ್ಷೆ ಐತ್ರಿ ಅತ್ತಿಗಿ."

"ಅವತ್ತು ನಾ ಇದ್ದಿದ್ರ ಅವನ ಪಕ್ಕದಾಗ ಇರತಿದ್ನಿ" ಎಂದರು. "ಈ ಸಲ ಕುಂದ್ರಾಕ ಬಂದೀನಿ. ನೀ ಬ್ಯಾಡ ಅನಬ್ಯಾಡ."

ನಾನು ರೊಟ್ಟಿ ಮುರಿಯುತ್ತಾ ಕೂತೆ. ಪಕ್ಕದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಅವರಿಗೂ ಗೊತ್ತಿತ್ತು.

ಮೂಟೆಗಳಿಗೆ ಮಿಲ್ಲಿನ ಸೂಪರ್‌ವೈಸರನ್ನು ಕೇಳಿದೆ. ಗೋಡೌನಿನಲ್ಲಿ ಭತ್ತ ತುಂಬಿ ಬಿದ್ದಿತ್ತು. "ಒಯ್ಯಪ್ಪ, ಹರದ್ರ ನೀನ ಹೊಲೀಬೇಕು. ಒಂದು ಕಾಳು ಚೆಲ್ಲಿದ್ರೂ ಗುಬ್ಬಿ ತಿಂತು ಅನ್ನಂಗಿಲ್ಲ" ಎಂದ. ಹಮಾಲರು ಹೊತ್ತು ತಂದರು. ಅಣ್ಣ ಹೇರುತ್ತಿದ್ದ ಮೂಟೆಗಳಿಗಿಂತ ಎರಡೂವರೆ ಪಟ್ಟು ಬೇಕಾಗಿತ್ತು. ಸೀಟುಗಳ ಮೇಲೆ ಅಷ್ಟು ಹಿಡಿಯುವುದಿಲ್ಲ. ಸೀಟು ಬಿಚ್ಚಿ, ತಳದ ತೊಲೆಗಳ ಮೇಲೆ ಸಾಲಾಗಿ ಪೇರಿಸಿದೆವು. ಮಿಕ್ಕವನ್ನು ಬಲೆಯಲ್ಲಿ ಕಟ್ಟಿ ಸರಪಳಿಯಿಂದ ದೋಣಿಯ ಎರಡು ಬದಿಗೆ ಇಳಿಬಿಟ್ಟೆವು. ದೋಣಿಯ ಹೊಟ್ಟೆಯ ಕೆಳಗೆ ದಿಮ್ಮಿಗಳನ್ನು ಒಟ್ಟಿ ಒಂದು ಗೇಣು ಮಾತ್ರ ಜಾಗ ಬಿಟ್ಟೆ. ಏನಾದರೂ ಮುರಿದರೆ ಒಂದು ಗೇಣು ಬಿದ್ದು ನಿಲ್ಲಲಿ ಎಂದು.

ಕೊನೆಯ ಮೂಟೆ ಇಳಿಸಿದ ಹಮಾಲ ಬೆವರು ಒರೆಸಿಕೊಳ್ಳುತ್ತಾ, "ಭತ್ತಕ್ಕ ಟಿಕೆಟ್ ಇಲ್ಲೇನಪ್ಪ ಮೇಸ್ತ್ರಿ?" ಎಂದ.

"ಅದು ಕುಂತಲ್ಲೇ ಕುಂದ್ರತೈತಿ, ಹಾಫ್ ಟಿಕೆಟ್" ಎಂದ ಇನ್ನೊಬ್ಬ.

"ನಿನ್ನ ಹೆಂಡ್ತಿ ಕುಂತಂಗ ಐತಿ ನೋಡಲೇ. ದೋಣಿ ಅಳ್ಳಾಡವಲ್ದು."

ಎಲ್ಲರೂ ನಕ್ಕರು. ತಗಡಿನ ಗೂಡಿನಲ್ಲಿದ್ದ ಅತ್ತಿಗೆಯೂ ತಲೆ ತಗ್ಗಿಸಿ ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಭಾರ ಹೇರುವ ಮುಂಚೆಯೇ ಪಿನ್ನು, ಪಿನ್ನು ತೂರುವ ತೋಳಿನ ಕಿವಿಗಳು, ಅಚ್ಚು, ಎಲ್ಲಕ್ಕೂ ಸೀಮೆಎಣ್ಣೆ ಹಚ್ಚಿ ಒರೆಸಿ ಸುಣ್ಣ ಬಳಿದಿದ್ದೆ. ಸಂಜೆಯವರೆಗೆ ಏನೂ ಕಾಣಲಿಲ್ಲ. ಬೆಳಗ್ಗೆ ಬಿಸಿಲು ಏರಿದ ಮೇಲೆ ಏಣಿ ಹಾಕಿ ಹತ್ತಿದೆ. ಒಂದೊಂದೇ ಪಿನ್ನು ನೋಡಿದೆ. ನಾಲ್ಕೂ ಬೆಳ್ಳಗೆ ಇದ್ದವು. ಆಮೇಲೆ ಅಚ್ಚಿನ ಕಡೆ ತಿರುಗಿದೆ. ಎಡಗಡೆಯ ಬೇರಿಂಗಿಗೆ ಅಚ್ಚು ಸಣ್ಣದಾಗುವ ಹೆಗಲಿನ ಮೂಲೆಯಲ್ಲಿ, ಬಳೆಯ ಕಾಲುಭಾಗದಷ್ಟು ಉದ್ದ, ಒಂದು ಗೆರೆ. ಬೆರಳಿನಿಂದ ಒರೆಸಿ ಮತ್ತೆ ಸುಣ್ಣ ಹಚ್ಚಿದೆ. ಏಣಿಯ ಮೇಲೇ ಕಾದೆ. ಗೆರೆ ಮತ್ತೆ ಅಲ್ಲೇ ಬಂತು. ಕಂದು ಬಣ್ಣ ಇತ್ತು. ಒಳಗಿನ ತುಕ್ಕನ್ನು ಎಣ್ಣೆ ಹೊರಗೆ ತಂದಿತ್ತು. ನಿನ್ನೆ ಮೊನ್ನೆಯ ಬಿರುಕಿಗೆ ತುಕ್ಕು ಇರುವುದಿಲ್ಲ.

ಒಂದು ಪಿನ್ನು ಹೋದರೆ ಮೂರು ತೋಳು ಉಳಿಯುತ್ತವೆ. ಅಚ್ಚು ಹೋದರೆ ಇಡೀ ದೋಣಿ ಹೋಗುತ್ತದೆ.

ಕೆಳಗಿಳಿದು ಸಾವ್ಕಾರರನ್ನು ಕರೆಸಿದೆ. ಮಿಲ್ಲಿನವರಿಗೆ ಮೂಟೆ ವಾಪಸು ಬೇಕಾಗಿತ್ತು. ಹಮಾಲರು ಇಳಿಸುತ್ತಿದ್ದಾಗಲೇ ಅವರ ಕಾರು ಬಂತು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿದರು.

"ಕೂದಲೆಳಿಯಷ್ಟು ಗೆರಿ. ಇದಕ್ಕ ಇಷ್ಟ್ಯಾಕಪ್ಪ? ಮ್ಯಾಲೊಂದು ಪಟ್ಟಿ ಇಟ್ಟು ವೆಲ್ಡಿಂಗ್ ಹೊಡಿ. ಬಣ್ಣ ಬಡಿ."

"ಅಚ್ಚಿಗೆ ವೆಲ್ಡಿಂಗ್ ಹೊಡದ್ರ ಕಾದ ಜಾಗದ ಪಕ್ಕದಾಗ ಇನ್ನೂ ಲಗೂನ ಸೀಳ್ತೈತ್ರಿ. ಅಚ್ಚು ಹೊಸದು ಬೇಕು. ಅದು ಇಲ್ಲಿ ಆಗಂಗಿಲ್ಲ. ಮತ್ತ ಅಚ್ಚು ಹಿಂಗ ಐತಿ ಅಂದ್ರ ಚೌಕಟ್ಟಿನ ಒಳಗ ಏನೈತೋ ನನಗ ಗೊತ್ತಿಲ್ರಿ."

"ಇಲ್ಲದ ಭಾರ ನೀನ ಹೇರಿದಿ. ಹೇರಿ, ಈಗ ಬಿರುಕು ಬಿಡ್ತು ಅಂತೀಯ."

"ತುಕ್ಕು ಐತ್ರಿ ಒಳಗ. ಹಳೇದು ಅದು."

ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಅಣ್ಣನ ಮಣ್ಣಿಗೆ ಬಂದು ಕೊನೆಯವರೆಗೆ ನಿಂತಿದ್ದರು. "ಈ ಊರು ಒಂದು ಮುಗಿಸಿಬಿಡೂಣು" ಎಂದರು, ಬೇಡುವ ದನಿಯಲ್ಲಿ. "ದೋಣಿ ಇಲ್ಲಂದ್ರ ಜನ ಒಳಗ ಬರಂಗಿಲ್ಲ. ಅರ್ಧ ಸೀಟು ತುಂಬಿ ಓಡಸು. ಎತ್ತರ ಕಮ್ಮಿ ಮಾಡು. ಲಿವರ್ ನಿನ್ನ ಕೈಯಾಗೇ ಇರ್ತೈತಲ್ಲ."

ಆ ಮಾತು ನನ್ನನ್ನು ಅಲ್ಲಾಡಿಸಿತು ಎಂದು ಒಪ್ಪಿಕೊಳ್ಳಬೇಕು. ಅರ್ಧ ಎತ್ತರಕ್ಕೆ ಎರಡೇ ಪಟ್ಟು. ಬೇವಿನ ಮರದಲ್ಲಿ ನಾನೇ ನೋಡಿದ್ದೇನೆ. ಹುಷಾರಾಗಿ ಲಿವರ್ ಹಿಡಿದರೆ ಒಂದು ಊರು ಮುಗಿಯಬಹುದು. ಆದರೆ ಜನ ಬೇಲಿಯ ಆಚೆ ನಿಂತು ಇನ್ನೂ ಮ್ಯಾಲ, ಇನ್ನೂ ಮ್ಯಾಲ ಎಂದು ಕೂಗುವ ಸಂಜೆ ನನಗೆ ಗೊತ್ತು. ಬಿರುಕು ಎಷ್ಟು ಒಳಗೆ ಹೋಗಿದೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಅತ್ತಿಗೆ ತಗಡಿನ ಗೂಡಿನಿಂದ ಹೊರಗೆ ಬಂದದ್ದನ್ನು ನಾವಿಬ್ಬರೂ ನೋಡಲಿಲ್ಲ. ಅವರು ಮೆಟ್ಟಿಲು ಹತ್ತಿ ಖಾಲಿಯಾದ ದೋಣಿಯೊಳಗೆ ಹೋದರು. ಸೀಟು ಬಿಚ್ಚಿದ್ದರಿಂದ ತುದಿಯಲ್ಲಿ ಬರಿಯ ತೊಲೆ ಇತ್ತು. ಭತ್ತದ ಧೂಳಿನ ನಡುವೆ ಆ ತೊಲೆಯ ಮೇಲೆ, ಅಣ್ಣ ಕೂರುತ್ತಿದ್ದ ಕಡೆ ಸ್ವಲ್ಪ ಜಾಗ ಬಿಟ್ಟು ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಸಾವ್ಕಾರ್ರ, ಬರ್ರಿ" ಎಂದರು.

ಸಾವ್ಕಾರರು ತಲೆಯೆತ್ತಿ ನೋಡಿದರು.

"ಮೊದಲ ಸುತ್ತು ಮನಿಯವರದು ಅಲ್ಲೇನ್ರಿ? ನಮ್ಮ ಮನ್ಯಾಂವ ಹತ್ತಿ ಇಳದಾನ. ಈಗ ನಿಮ್ಮ ಮನಿ ಪಾಳಿ. ಅಕ್ಕಾರ್ನ ಕರಸ್ರಿ, ಮಗಳ್ನೂ ಕರಸ್ರಿ. ನಮ್ಮ ತಮ್ಮ ಪಟ್ಟಿ ಬಡೀಲಿ, ಬಣ್ಣ ಹಚ್ಚಲಿ. ಬಣ್ಣ ಒಣಗೋತನ ನಾ ಇಲ್ಲೇ ಕುಂತಿರ್ತೀನಿ. ಎಲ್ಲಾರೂ ಕೂಡಿ ಹೋಗೂಣು."

ದನಿ ಏರಿರಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕರೆಯುವ ಹಾಗಿತ್ತು. ಹಮಾಲರು ಮೂಟೆ ಹೆಗಲ ಮೇಲಿಟ್ಟುಕೊಂಡೇ ನಿಂತರು.

ಸಾವ್ಕಾರರು ಮೆಟ್ಟಿಲಿನ ಹತ್ತಿರ ಬಂದರು. ದೋಣಿಯ ಅಂಚಿನ ಮೇಲೆ ಕೈಯಿಟ್ಟರು. ಅವರ ಮಗಳು ಬಳ್ಳಾರಿಯಲ್ಲಿ ಶಾಲೆಗೆ ಹೋಗುತ್ತಾಳೆ. ಪ್ರತಿ ಊರಿನಲ್ಲೂ ಬಂದು ಈ ದೋಣಿಯಲ್ಲಿ ಕೂತವಳೇ, ಹೋದ ವರ್ಷದವರೆಗೆ. ಅವರು ಅಚ್ಚಿನ ಕಡೆ ಒಮ್ಮೆ ನೋಡಿದರು, ಸುಣ್ಣದ ಬಿಳುಪು ಕೆಳಗಿನವರೆಗೂ ಕಾಣುತ್ತಿತ್ತು. ಕೈ ತೆಗೆದರು. ಅಂಗೈಗೆ ಹತ್ತಿದ ಧೂಳನ್ನು ಒರೆಸಿಕೊಳ್ಳಲಿಲ್ಲ.

"ಏನು ಮಾಡ್ತೀರೋ ಮಾಡ್ರಿ" ಎಂದು ಹೇಳಿ ಕಾರಿನ ಕಡೆ ಹೋದರು.

ಕಾರು ಹೋದ ಮೇಲೂ ಅತ್ತಿಗೆ ಅಲ್ಲೇ ಕೂತಿದ್ದರು. ನಾನು ಏನು ಮಾಡಬೇಕೆಂದು ಆಗ ನಿರ್ಧಾರವಾಯಿತು. ಅಚ್ಚು ಬದಲಿಸಬಹುದಿತ್ತು. ಬಿಡಿಬಿಡಿಯಾಗಿ ಮಾರಬಹುದಿತ್ತು. ಆದರೆ ಈ ದೋಣಿ ಇಡಿಯಾಗಿ ಇರುವವರೆಗೆ ಇನ್ನೊಂದು ಊರು ಇದ್ದೇ ಇರುತ್ತದೆ, ಇನ್ನೊಬ್ಬ ಮೇಸ್ತ್ರಿ ಇದ್ದೇ ಇರುತ್ತಾನೆ, ಬಣ್ಣ ಬಡಿದರೆ ಗೆರೆ ಯಾರಿಗೂ ಕಾಣುವುದಿಲ್ಲ. ಮಿಲ್ಲಿನ ವರ್ಕ್‌ಶಾಪಿನಿಂದ ಗ್ಯಾಸ್ ಕಟರ್ ಮತ್ತು ಸಿಲಿಂಡರ್ ತಂದೆ.

"ಇಳೀರಿ ಅತ್ತಿಗಿ. ಗ್ಯಾಸ್ ಹಚ್ಚಬೇಕು."

ಅವರು ತೊಲೆಯನ್ನು ಒಮ್ಮೆ ಕೈಯಿಂದ ಸವರಿ ಇಳಿದರು.

ದೋಣಿ ದಿಮ್ಮಿಗಳ ಮೇಲೆ ಕೂರುವ ಹಾಗೆ ಜಾಕ್ ಏರಿಸಿ, ತೋಳುಗಳ ಮೇಲಿನ ಭಾರ ತೆಗೆದು, ಮೊದಲ ತೋಳಿಗೆ ಬೆಂಕಿ ಇಟ್ಟೆ. ಬಣ್ಣ ಗುಳ್ಳೆಯೆದ್ದು ಕೆಂಪು, ಅದರ ಕೆಳಗೆ ಹಸಿರು, ಅದರ ಕೆಳಗೆ ಹಳದಿ ಕಂಡಿತು. ಪ್ರತಿ ವರ್ಷ ಅಣ್ಣ ಬಳಿದ ಬಣ್ಣಗಳು. ಒಂದೊಂದು ತೋಳು ಕಡಿದಾಗಲೂ ದೋಣಿ ಸ್ವಲ್ಪ ನಡುಗಿ ಸುಮ್ಮನಾಗುತ್ತಿತ್ತು. ಕೊನೆಗೆ ಅಚ್ಚನ್ನು ಕೆಳಗಿಳಿಸಿ, ಗೆರೆ ಇದ್ದ ಜಾಗದಲ್ಲೇ ಸುತ್ತಿಗೆಯಿಂದ ಹೊಡೆದೆ. ಮೂರನೇ ಏಟಿಗೆ ತುಂಡಾಯಿತು. ಮುಖದ ತುಂಬ ಕಪ್ಪು, ಅಂಚಿನಲ್ಲಿ ಒಂದು ಬೆರಳು ಅಗಲ ಮಿನುಗು. ಆ ಒಂದು ಬೆರಳಿನ ಮೇಲೆ ಸಿರುಗುಪ್ಪದಲ್ಲಿ ಎಷ್ಟು ದಿನ ಓಡುತ್ತಿತ್ತೋ.

ಎಕ್ಸಿಬಿಷನ್ ದೋಣಿಯಿಲ್ಲದೆ ಶುರುವಾಯಿತು. ಜನ ಬಂದರು. ಜೈಂಟ್ ವ್ಹೀಲ್ ತಿರುಗಿತು. ಖಾಲಿ ಬಿದ್ದ ಜಾಗದಲ್ಲಿ ಯಾರೋ ಬಲೂನಿಗೆ ಗುರಿ ಇಡುವ ಅಂಗಡಿ ಹಾಕಿದರು. ಸಾವ್ಕಾರರು ನನ್ನೊಡನೆ ಮಾತು ಬಿಟ್ಟರು. ತುಂಡುಗಳನ್ನು ಒಯ್ಯಲು ಮಾತ್ರ ಲಾರಿ ಕಳಿಸಿದರು.

ಲಾರಿ ರೈಸ್ ಮಿಲ್ಲಿನ ವೇಬ್ರಿಡ್ಜ್ ಹತ್ತಿತು. ಅತ್ತಿಗೆ ದೇಶನೂರಿಗೆ ಹೊರಟವರು ಬಸ್ಸಿಗೆ ಹೋಗುವ ಮುಂಚೆ ನನ್ನ ಪಕ್ಕದಲ್ಲಿ ನಿಂತರು. ಕಿಟಕಿಯೊಳಗೆ ಕೂತವನು ಲಾರಿಯ ಖಾಲಿ ತೂಕ ಕಳೆದು ಕಬ್ಬಿಣದ ತೂಕ ಕೂಗಿ ಹೇಳಿದ. ತುಂಬ ದೊಡ್ಡ ಸಂಖ್ಯೆಯೇನಲ್ಲ. ಇಪ್ಪತ್ತು ಭತ್ತದ ಮೂಟೆಗಳಷ್ಟು.

ಅತ್ತಿಗೆ ಲಾರಿಯ ಮೇಲೆ ಬಿದ್ದಿದ್ದ ತೋಳುಗಳನ್ನು ನೋಡಿದರು.

"ಇಷ್ಟ ಏನು, ತಮ್ಮಾ?"

"ನಿಂತಾಗ ಇಷ್ಟ ರೀ, ಅತ್ತಿಗಿ."